ಹೃದಯಕ್ಕೆ ಹಿಡಿದ ಸನ್ನಿ

1912ರಲ್ಲಿ ಡಚ್ ವೈದ್ಯ ಕಾರೆಲ್ ವೆಂಕೆಬಾಖ್ ಅವರ ಮುಂದೆ ಒಬ್ಬ ವ್ಯಾಪಾರಿ ಬಂದು ಕುಳಿತ. ಅವನ ನಾಡಿ ಎರ್ರಾಬಿರ್ರಿ ಹೊಡೆದುಕೊಳ್ಳುತ್ತಿತ್ತು. ಪ್ರಾಣಕ್ಕೇನೂ ಸಂಚಕಾರವಿಲ್ಲ ಎಂದು ವೈದ್ಯರು ಸಮಾಧಾನ ಹೇಳಿದರು. ವ್ಯಾಪಾರಿಗೆ ಅದು ಸಾಲಲಿಲ್ಲ. ವ್ಯವಹಾರದಲ್ಲಿ ಎಲ್ಲವೂ ಲೆಕ್ಕಕ್ಕೆ ಸರಿಯಾಗಿ ಇರಬೇಕೆನ್ನುವ ಮನುಷ್ಯ ಅವನು; ಎದೆಯೊಳಗಿನ ವ್ಯವಹಾರವೂ ಹಾಗೇ ಇರಲಿ, ಇಷ್ಟನ್ನು ಸರಿಮಾಡಲಾಗದಿದ್ದರೆ ಹೃದಯದ ತಜ್ಞರು ಇರುವುದಾದರೂ ಯಾಕೆ ಎಂದು ಕೇಳಿದ. ವೆಂಕೆಬಾಖ್ ಅವರಿಂದ ಯಾವ ಭರವಸೆಯೂ ಸಿಗದಾಗ, ನಾಳೆ ಬೆಳಗ್ಗೆ ನೆಟ್ಟಗಿನ ನಾಡಿಯೊಡನೆ ಬರುತ್ತೇನೆ ಎಂದು ಹೇಳಿಹೋದ. ಮಾತಿಗೆ ತಪ್ಪಲಿಲ್ಲ. ಮಲೇರಿಯಾ ಸೀಮೆಯಲ್ಲಿದ್ದಾಗ ಕ್ವಿನೈನ್ ನುಂಗಿದರೆ ಎದೆ ಡವಗುಟ್ಟುವುದು ನಿಲ್ಲುತ್ತದೆಂದು ಅವನು ತಾನೇ ಕಂಡುಕೊಂಡಿದ್ದ. ಈ ಸಲವೂ ಒಂದು ಗ್ರಾಂ ನುಂಗಿ ಬಂದಿದ್ದ.

ವೆಂಕೆಬಾಖ್ ಈ ಪ್ರಸಂಗವನ್ನು ಮುಚ್ಚಿಡಲಿಲ್ಲ. ರೋಗಿಯಿಂದ ತಾವು ಕಲಿತದ್ದನ್ನು 1914ರ ತಮ್ಮ ಗ್ರಂಥದಲ್ಲಿ ಬರೆದಿಟ್ಟರು. 1918ರಲ್ಲಿ ವಾಲ್ಟರ್ ಫ್ರೇ ಎಂಬ ವೈದ್ಯರು ಸಿಂಕೋನಾ ತೊಗಟೆಯ ಸಾರಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದರು; ಕ್ವಿನೈನಿನ ಒಡಹುಟ್ಟಾದ ಕ್ವಿನಿಡಿನ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆಂದು ತೋರಿಸಿದರು. ಮಲೆನಾಡಿನ ಹಳೆಯ ತಲೆಮಾರು ಚಳಿಜ್ವರಕ್ಕೆಂದು ಮುಖ ಕಿವುಚಿಕೊಂಡು ನುಂಗುತ್ತಿದ್ದ ಕಹಿ ಯಾವ ಮರದ್ದೋ, ಲಯ ತಪ್ಪಿದ ಹೃದಯದ ಮೊದಲ ಔಷಧಗಳಲ್ಲೊಂದು ಹುಟ್ಟಿದ್ದೂ ಅದೇ ಮರದ ತೊಗಟೆಯಿಂದ. ನಮ್ಮ ಗಡಿಗೆ ತಾಗಿದ ನೀಲಗಿರಿಯಲ್ಲಿ 1860ರಿಂದಲೇ ಸಿಂಕೋನಾ ಬೆಳೆಸಲು ತೊಡಗಿದ್ದರು.

ಈ ಉಪನ್ಯಾಸದ ವಿಷಯ ಆ ವ್ಯಾಪಾರಿಯ ಕಾಯಿಲೆ. ಇಂದಿನ ವೈದ್ಯರು ಅದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಹೃತ್ಕರ್ಣದ ಕಂಪನ ಎನ್ನಬಹುದು. ಕಾರಣ ತಿಳಿಯದ ಕಾಲದಲ್ಲಿ ಯುರೋಪಿನ ವೈದ್ಯರು ಇದಕ್ಕೆ ಲ್ಯಾಟಿನ್ನಿನಲ್ಲಿ ಡೆಲಿರಿಯಂ ಕಾರ್ಡಿಸ್ ಎಂದು ಹೆಸರಿಟ್ಟಿದ್ದರು. ಹೃದಯಕ್ಕೆ ಹಿಡಿದ ಸನ್ನಿ ಎಂದು ಅದರ ಅರ್ಥ. ಜ್ವರ ನೆತ್ತಿಗೇರಿದವರು ಒಂದಕ್ಕೊಂದು ಸಂಬಂಧವಿಲ್ಲದ ಮಾತು ಬಡಬಡಿಸುವುದನ್ನು ಕಂಡವರಿಗೆ ಆ ಹೆಸರಿನ ಸತ್ಯ ತಿಳಿಯುತ್ತದೆ. ನಮ್ಮ ಕಡೆ ಆಯುರ್ವೇದದ ಶಾರ್ಙ್ಗಧರ ಸಂಹಿತೆ ನಾಡಿಯ ನಡಿಗೆಯನ್ನು ಪ್ರಾಣಿಗಳ ನಡಿಗೆಗೆ ಹೋಲಿಸುತ್ತದೆ: ವಾತಕ್ಕೆ ಹಾವು ಮತ್ತು ಜಿಗಣೆ, ಪಿತ್ತಕ್ಕೆ ಕಾಗೆ ಮತ್ತು ಕಪ್ಪೆ, ಕಫಕ್ಕೆ ಹಂಸ ಮತ್ತು ಪಾರಿವಾಳ. ಈ ಮೂರೂ ಒಟ್ಟಿಗೆ ಕೆರಳಿದ ಸನ್ನಿಪಾತದ ನಾಡಿಗೆ ಅದು ಕೊಡುವ ಹೋಲಿಕೆ ಲಾವುಗೆ, ತಿತ್ತಿರಿಯಂಥ ಹಕ್ಕಿಗಳದ್ದು. ಆ ಹಕ್ಕಿಗಳು ಗದ್ದೆಯ ಬದುವಿನಲ್ಲಿ ತಟ್ಟನೆ ಓಡಿ, ತಟ್ಟನೆ ನಿಂತು, ಮತ್ತೆ ಓಡುವುದನ್ನು ನೋಡಿದ್ದ ಕಣ್ಣು ಈ ಹೋಲಿಕೆಯನ್ನು ಕಟ್ಟಿದೆ. ಅಂದಿನವರು ಇಂದಿನ ಕಾಯಿಲೆಯನ್ನೇ ಗುರುತಿಸಿದ್ದರು ಎಂದು ವಾದಿಸುವುದು ತಪ್ಪಾದೀತು. ನಾಡಿಯ ಮೇಲೆ ಬೆರಳಿಟ್ಟು ತಾಳ್ಮೆಯಿಂದ ಕೂರುವ ಅಭ್ಯಾಸ ಅವರಿಗೆ ಇತ್ತು ಎಂಬುದಂತೂ ನಿಜ.

ಆ ಅಭ್ಯಾಸ ಇಂದೂ ಬೇಕು. ಎಡ ಅಂಗೈಯನ್ನು ಮೇಲೆ ಮಾಡಿ ಹಿಡಿದು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಬಲಗೈಯ ತೋರು, ನಡು, ಉಂಗುರ ಬೆರಳುಗಳನ್ನು ಮೆಲ್ಲಗೆ ಇಟ್ಟರೆ ನಾಡಿ ಸಿಗುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರ ಇಲ್ಲಿ ಸಲ್ಲದು. ಒಂದು ನಿಮಿಷ ಪೂರ್ತಿ ಕೂರಬೇಕು. ಎಷ್ಟೋ ಜನರಿಗೆ ನಡುವೆ ಒಂದು ಪೆಟ್ಟು ಬೇಗ ಬಿದ್ದು, ಆಮೇಲೊಂದು ದೀರ್ಘ ವಿರಾಮ ಬಂದು, ಮತ್ತೆ ಹಳೆಯ ತಾಳ ಮುಂದುವರಿಯುತ್ತದೆ. ಆದಿತಾಳದ ನಡುವೆ ಒಂದು ಪೆಟ್ಟು ಜಾರಿದಂತೆ ಅದು; ತಾಳ ಇನ್ನೂ ಇದೆ. ಹೃತ್ಕರ್ಣ ಕಂಪನದಲ್ಲಿ ತಾಳವೇ ಇಲ್ಲ. ಮಳೆ ನಿಂತ ಮೇಲೆ ಹಂಚಿನ ಮಾಡಿನ ತುದಿಯಿಂದ ಬೀಳುವ ಹನಿಗಳ ಹಾಗೆ: ಎರಡು ಒಟ್ಟಿಗೆ, ಒಂದು ತಡವಾಗಿ, ಮೂರು ಗಡಿಬಿಡಿಯಲ್ಲಿ. ಸ್ಟೆತಸ್ಕೋಪನ್ನು ಎದೆಗಿಟ್ಟು ಒಬ್ಬರು, ಮಣಿಕಟ್ಟು ಹಿಡಿದು ಇನ್ನೊಬ್ಬರು ಒಟ್ಟಿಗೇ ಎಣಿಸಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಎದೆಯಲ್ಲಿ 130 ಇದ್ದರೆ ಕೈಯಲ್ಲಿ ನೂರೂ ಇರುವುದಿಲ್ಲ. ತುಂಬಿಕೊಳ್ಳುವ ಮೊದಲೇ ಹೃದಯ ಹಿಂಡಿದ ಪೆಟ್ಟುಗಳಲ್ಲಿ ಸಾಕಷ್ಟು ರಕ್ತ ಇರದ ಕಾರಣ ಅವು ಮಣಿಕಟ್ಟಿನ ತನಕ ಬಂದು ಮುಟ್ಟುವುದಿಲ್ಲ.

ತಾಳ ಹುಟ್ಟುವುದು ಎಲ್ಲಿ ಎಂಬುದು ಗೊತ್ತಾಗಿ ಇನ್ನೂ ನೂರಿಪ್ಪತ್ತು ವರ್ಷವಷ್ಟೇ. 1906ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಒಂದು ಹಳ್ಳಿಮನೆಯಲ್ಲಿ ಆರ್ಥರ್ ಕೀತ್ ಅವರು ಪ್ರಾಣಿಗಳ ಹೃದಯಗಳನ್ನು ಸೀಳಿ ನೋಡುತ್ತಿದ್ದರು. ಅವರ ಜೊತೆಗಿದ್ದವನು ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಒಂದು ದಿನ ಕೀತ್ ಹೆಂಡತಿಯೊಡನೆ ಸೈಕಲ್ ತಿರುಗಾಟಕ್ಕೆ ಹೋಗಿ ಬರುವಷ್ಟರಲ್ಲಿ ಫ್ಲ್ಯಾಕ್, ನೆಲ ತೋಡಿ ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದ ತೆಳು ಪದರವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಂಡು, ಬಲ ಹೃತ್ಕರ್ಣದ ಮೂಲೆಯಲ್ಲಿ ತಾನು ಕಂಡ ವಿಶೇಷ ಗಂಟನ್ನು ತೋರಿಸಲು ಕಾದಿದ್ದ. 1907ರಲ್ಲಿ ಅದು ಪ್ರಕಟವಾಯಿತು. ಆ ಗಂಟಿನಿಂದಲೇ ನಿಮಿಷಕ್ಕೆ ಅರವತ್ತೋ ಎಂಬತ್ತೋ ಸಲ ವಿದ್ಯುತ್ತಿನ ಅಲೆ ಹೊರಟು, ಮೊದಲು ಮೇಲಿನ ಎರಡು ಕೋಣೆಗಳನ್ನು, ಅರೆಗಳಿಗೆ ತಡೆದು ಕೆಳಗಿನ ಎರಡು ಕೋಣೆಗಳನ್ನು ಹಿಂಡಿಸುತ್ತದೆ.

ಕಂಪನದಲ್ಲಿ ಈ ಒಂದೇ ಅಲೆಯ ಬದಲು ಮೇಲಿನ ಕೋಣೆಗಳ ತುಂಬ ನೂರಾರು ಸುಳಿಗಳು ಏಳುತ್ತವೆ. ನಿಮಿಷಕ್ಕೆ 350ರಿಂದ 600. ಅಷ್ಟು ವೇಗದಲ್ಲಿ ಸ್ನಾಯು ಹಿಂಡುವುದಿಲ್ಲ, ನಡುಗುತ್ತದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಎದೆ ತೆರೆದಾಗ ಆ ಕೋಣೆ ಹುಳಗಳು ತುಂಬಿದ ಚೀಲದಂತೆ ಮಿಸುಕುವುದು ಬರಿಗಣ್ಣಿಗೆ ಕಾಣುತ್ತದೆ. ಮೇಲಿನ, ಕೆಳಗಿನ ಕೋಣೆಗಳ ನಡುವಿನ ದಾರಿ ಅಷ್ಟನ್ನೂ ಕೆಳಗೆ ಬಿಡದೆ ಕೆಲವನ್ನು ಮಾತ್ರ, ಯಾವ ಕ್ರಮವೂ ಇಲ್ಲದೆ, ಬಿಡುತ್ತದೆ. ಪ್ರಾಣ ಉಳಿಯುವುದು ಆ ತಡೆಯಿಂದಲೇ.

ಲೈಡೆನ್ನಿನ ವಿಲ್ಲೆಮ್ ಐಂಥೋವನ್ ಈ ಹೊತ್ತಿಗಾಗಲೇ ಹೃದಯದ ವಿದ್ಯುತ್ತನ್ನು ಕಾಗದಕ್ಕಿಳಿಸುವ ಯಂತ್ರ ಕಟ್ಟಿದ್ದರು. ಅದನ್ನು ನಡೆಸಲು ಐದು ಜನ ಬೇಕಿತ್ತು. ಆಸ್ಪತ್ರೆಯಲ್ಲಿದ್ದ ರೋಗಿಯನ್ನು ಪ್ರಯೋಗಾಲಯಕ್ಕೆ ಹೊತ್ತು ತರುವ ಬದಲು ಒಂದೂವರೆ ಕಿಲೋಮೀಟರ್ ತಂತಿ ಎಳೆದು ಅವನ ಎದೆಬಡಿತವನ್ನೇ ತರಿಸಿಕೊಂಡರು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದಲ್ಲ, ಅದರ ಮುತ್ತಜ್ಜ ಆ ತಂತಿ. 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಇಸಿಜಿಯ ಗೆರೆ ನೋಡಿ, ಡೆಲಿರಿಯಂ ಕಾರ್ಡಿಸ್ ಅಂದರೆ ಮೇಲಿನ ಕೋಣೆಯ ಕಂಪನವೇ ಎಂದು ತೋರಿಸಿಕೊಟ್ಟರು. ಸನ್ನಿಗೆ ಕಾರಣ ಸಿಕ್ಕಿತು.

ಅಲ್ಲಿಂದ ಮುಂದೆ ವೈದ್ಯಲೋಕ ಬಹುಕಾಲ ವ್ಯಾಪಾರಿ ಕೇಳಿದ ಪ್ರಶ್ನೆಯ ಬೆನ್ನು ಹತ್ತಿತು: ತಾಳವನ್ನು ಮತ್ತೆ ಹೇಗೆ ತರುವುದು? ಪ್ರಶ್ನೆ ಸಹಜವಾದದ್ದು. ಎದೆಯಲ್ಲಿ ಹಕ್ಕಿ ರೆಕ್ಕೆ ಬಡಿದಂತೆ ಆಗುವವರಿಗೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವವರಿಗೆ ಬೇಕಾದದ್ದು ಅದೇ. ಆದರೆ ಮನುಷ್ಯನನ್ನು ನೆಲಕ್ಕೆ ಕೆಡಹುವುದು ತಾಳ ತಪ್ಪಿದ್ದಕ್ಕಿಂತ ಹೆಚ್ಚಾಗಿ ನಿಂತ ರಕ್ತ.

ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಹೆಬ್ಬೆರಳಿನ ಗಾತ್ರದ, ಕಿವಿಯ ಆಕಾರದ ಒಂದು ಜೇಬಿದೆ. ಕೋಣೆ ಹಿಂಡುವುದನ್ನು ಬಿಟ್ಟು ನಡುಗತೊಡಗಿದರೆ ಹೊಳೆಯ ಮಡುವಿನಲ್ಲಿ ನೀರು ನಿಂತಂತೆ ಅಲ್ಲಿ ರಕ್ತ ನಿಲ್ಲುತ್ತದೆ, ಹೆಪ್ಪುಗಟ್ಟುತ್ತದೆ. ಅದರ ಒಂದು ಚೂರು ಕಳಚಿದರೆ ನೇರ ದಾರಿ ಮಿದುಳಿಗೆ. ಹಿಂದಿನ ಕ್ಷಣದವರೆಗೆ ಕಾಫಿ ಕುಡಿಯುತ್ತ ಕುಳಿತಿದ್ದವರ ಕೈಯಿಂದ ಲೋಟ ಜಾರುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಲಕ್ವ ಹೊಡೆಯಿತು ಎನ್ನುತ್ತಾರೆ ಮನೆಯವರು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗಲೇ ಹೃದಯದ ಲಯ ತಪ್ಪಿರುವುದು ಮೊದಲ ಬಾರಿ ಗೊತ್ತಾಗುವ ರೋಗಿಗಳು ಬಹಳ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ 1978ರ ಲೆಕ್ಕ ಹೀಗಿದೆ: ಈ ಕಂಪನ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಐದು ಪಟ್ಟಿಗೂ ಮಿಗಿಲು, ಕೀಲುವಾತ ಜ್ವರದಿಂದ ಹೃದಯದ ಕವಾಟವೂ ಕೆಟ್ಟಿದ್ದರೆ ಹದಿನೇಳು ಪಟ್ಟು.

ಆ ಹದಿನೇಳು ಪಟ್ಟಿನ ಮಾತು ನಮ್ಮ ನಾಡಿನದು. ಅದಕ್ಕೆ ಮತ್ತೆ ಬರಬೇಕು.

ಹೆಪ್ಪು ತಡೆಯುವ ಮಾತ್ರೆಯ ಕತೆ ಕೊಟ್ಟಿಗೆಯಿಂದ ಶುರುವಾಗುತ್ತದೆ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿಸಿ ಸಾಯತೊಡಗಿದವು. ಮುಗ್ಗಿದ ಸ್ವೀಟ್ ಕ್ಲೋವರ್ ಮೇವು ಕಾರಣವೆಂದು ಪಶುವೈದ್ಯರು ಹೇಳಿದರು, ಆದರೆ ಬಡ ರೈತರಿಗೆ ಬೇರೆ ಮೇವು ಎಲ್ಲಿಂದ ಬರಬೇಕು? 1933ರ ಫೆಬ್ರುವರಿಯ ಒಂದು ಶನಿವಾರ, ಹಿಮಗಾಳಿ ಬೀಸುತ್ತಿದ್ದಾಗ, ವಿಸ್ಕಾನ್ಸಿನ್ನಿನ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಹಸುವನ್ನೂ ಮುಗ್ಗಿದ ಹುಲ್ಲನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಗಾಡಿಯಲ್ಲಿ ಹೇರಿಕೊಂಡು ಮುನ್ನೂರು ಕಿಲೋಮೀಟರ್ ದೂರದ ಮ್ಯಾಡಿಸನ್ ನಗರಕ್ಕೆ ಬಂದ. ಪಶುವೈದ್ಯರ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದದ್ದು ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯ. ಲಿಂಕ್ ಅವರಿಗೆ ಅಂದು ರೈತನಿಗೆ ಕೊಡಲು ಪರಿಹಾರವಿರಲಿಲ್ಲ, ಆದರೆ ಆ ರಕ್ತ ಅವರನ್ನು ಬಿಡಲಿಲ್ಲ. ಆರು ವರ್ಷ ಹೆಣಗಿ ಹುಲ್ಲಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರ ವಂಶದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ನಮ್ಮ ಔಷಧದಂಗಡಿಗಳಲ್ಲಿ ವಾರ್ಫರಿನ್, ಅದರ ಸೋದರಿ ಅಸಿಟ್ರೋಮ್ ಎರಡೂ ಸಿಗುತ್ತವೆ. ಜನ ಇವನ್ನು ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತಾರೆ. ನಿಜದಲ್ಲಿ ರಕ್ತ ತೆಳುವಾಗುವುದಿಲ್ಲ. ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ, ಮಾತ್ರೆ ಆ ಕೆಲಸಕ್ಕೆ ಕೈ ಅಡ್ಡ ಹಾಕುತ್ತದೆ. ಎಷ್ಟು ಅಡ್ಡ ಹಾಕಿದೆ ಎಂಬುದನ್ನು ಅಳೆಯುವುದೇ ಪಿಟಿ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಅಂಕಿ 2ರಿಂದ 3ರ ಒಳಗೆ ಇರಬೇಕು. ಎರಡಕ್ಕಿಂತ ಇಳಿದರೆ ಹೆಪ್ಪಿನ ಭಯ, ಮೂರನ್ನು ದಾಟಿ ಏರುತ್ತ ಹೋದರೆ ರಕ್ತಸ್ರಾವದ ಭಯ.

ಇಷ್ಟು ಇಕ್ಕಟ್ಟಿನ ಓಣಿಯಲ್ಲಿ ನಡೆಯುವುದು ಎಷ್ಟು ಕಷ್ಟವೆಂದು ಮಾತ್ರೆ ನುಂಗುವವರಿಗೇ ಗೊತ್ತು. ಮಳೆ ಬಿದ್ದು ಹೊಲದಲ್ಲಿ ಸೊಪ್ಪು ಚಿಗುರಿತೆಂದು ವಾರವಿಡೀ ಬೆರಕೆ ಸೊಪ್ಪಿನ ಸಾರು ಉಂಡರೆ ವಿಟಮಿನ್ ಕೆ ಹೆಚ್ಚಿ ಐಎನ್‌ಆರ್ ಇಳಿಯುತ್ತದೆ. ಆದ್ದರಿಂದ ಸೊಪ್ಪನ್ನೇ ಬಿಡಿ ಎಂದು ಹೇಳಿ ಕಳಿಸುವವರಿದ್ದಾರೆ. ಅದು ಸರಿಯಾದ ಸಲಹೆಯಲ್ಲ. ಸೊಪ್ಪು ತಿನ್ನಲಿ, ವಾರ ವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಲಿ, ಮಾತ್ರೆಯ ಪ್ರಮಾಣವನ್ನು ಊಟಕ್ಕೆ ತಕ್ಕಂತೆ ವೈದ್ಯರು ಹೊಂದಿಸುತ್ತಾರೆ. ಹೆಚ್ಚಿನ ಅಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಭೇದಿಗೆಂದು ಅಂಗಡಿಯಲ್ಲಿ ಕೇಳಿ ತಂದ ಮೆಟ್ರೊನಿಡಜೋಲ್ ಐಎನ್‌ಆರನ್ನು ಏರಿಸುತ್ತದೆ. ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಮಂಡಿನೋವಿನ ಮಾತ್ರೆ ಹೊಟ್ಟೆಯೊಳಗೆ ರಕ್ತ ಒಸರಿಸುತ್ತದೆ. ಯಾವ ಕಾಯಿಲೆಗೆ ಯಾರ ಬಳಿ ಹೋದರೂ ತಾನು ಈ ಮಾತ್ರೆಯಲ್ಲಿದ್ದೇನೆ ಎಂದು ಮೊದಲು ಹೇಳಬೇಕು. ಆಸ್ಪಿರಿನ್ ಇದ್ದರೆ ಸಾಕಲ್ಲವೇ ಎಂಬ ಆಸೆಯೂ ಹಳೆಯದು. ವಾರ್ಫರಿನ್ ಒಗ್ಗದ 5,599 ರೋಗಿಗಳ ಮೇಲೆ ನಡೆದ ಪ್ರಯೋಗ 2011ರಲ್ಲಿ ಆ ಆಸೆಗೆ ತೆರೆ ಎಳೆಯಿತು. ಆಸ್ಪಿರಿನ್‌ಗೆ ಹೋಲಿಸಿದರೆ ಅಪಿಕ್ಸಬಾನ್ ಎಂಬ ಹೊಸ ಮಾತ್ರೆ ಪಾರ್ಶ್ವವಾಯುವನ್ನು ಅರ್ಧಕ್ಕಿಂತ ಕೆಳಗಿಳಿಸಿತು, ದೊಡ್ಡ ರಕ್ತಸ್ರಾವವೂ ಅದರಿಂದ ಅಷ್ಟೇನೂ ಹೆಚ್ಚಲಿಲ್ಲ.

ಈ ಹೊಸ ಮಾತ್ರೆಗಳ ಸಾಲು 2009ರಿಂದ ಬಂದಿತು: ಡಾಬಿಗಾಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್. ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ. ಅರವತ್ತೈದು ದಾಟಿದ, ಬಿಪಿಯೋ ಸಕ್ಕರೆ ಕಾಯಿಲೆಯೋ ಇರುವ, ಕವಾಟ ಚೆನ್ನಾಗಿರುವ ರೋಗಿಗೆ ಇಂದು ಮೊದಲ ಆಯ್ಕೆ ಇವೇ, ಮತ್ತು ಅದು ಸರಿಯಾದ ಆಯ್ಕೆ. ಪಟ್ಟಣದ ಹಿರಿಯರಲ್ಲಿ ಬಹುಪಾಲು ಇಂಥವರೇ.

ಈಗ ಹದಿನೇಳು ಪಟ್ಟಿನ ಮಾತು. ಬಡಮನೆಯ, ಇಕ್ಕಟ್ಟಿನ ಕೋಣೆಯ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗುತ್ತಾರೆ. ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ಮೇಲೆ ಕೀಲುಗಳು ಊದಿಕೊಂಡು ಕೀಲುವಾತ ಜ್ವರ ಬರುತ್ತದೆ, ಅದೂ ವಾಸಿಯಾಗುತ್ತದೆ. ವಾಸಿಯಾಗದೆ ಉಳಿಯುವುದು ಹೃದಯದ ಎಡಭಾಗದ ಮೈಟ್ರಲ್ ಕವಾಟ. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ಸೇನೆ ಆ ಕವಾಟವನ್ನೂ ಗಾಯಗೊಳಿಸಿರುತ್ತದೆ. ವರ್ಷಗಟ್ಟಲೆ ಮೆಲ್ಲಗೆ ಅದರ ಎರಡು ಎಸಳುಗಳು ಅಂಚಿನಲ್ಲಿ ಅಂಟಿಕೊಳ್ಳುತ್ತ ಹೋಗಿ, ಕೊನೆಗೆ ಮೀನಿನ ಬಾಯಿಯಂಥ ಒಂದು ಸೀಳು ಮಾತ್ರ ಉಳಿಯುತ್ತದೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ಬಾಗಿಲು ಒಂದೂವರೆಗೋ ಒಂದಕ್ಕೋ ಇಳಿದಿರುತ್ತದೆ. ಅದರ ಹಿಂದಿನ ಕೋಣೆ ಒತ್ತಡಕ್ಕೆ ಬಲೂನಿನಂತೆ ಹಿಗ್ಗುತ್ತದೆ. ಹಿಗ್ಗಿದ ಕೋಣೆ ಒಂದು ದಿನ ನಡುಗತೊಡಗುತ್ತದೆ.

ಇದು ಹೆಚ್ಚಾಗಿ ಹೆಂಗಸರ ಕಾಯಿಲೆ, ಅದೂ ನಡುವಯಸ್ಸಿಗೆ ಮೊದಲೇ. ಬಸಿರಾದಾಗ ಮೈಯ ರಕ್ತ ಅರ್ಧದಷ್ಟು ಹೆಚ್ಚುತ್ತದೆ, ಇಕ್ಕಟ್ಟಿನ ಬಾಗಿಲಲ್ಲಿ ಅದು ಹಾಯಲಾರದೆ ಶ್ವಾಸಕೋಶಕ್ಕೆ ಒತ್ತುತ್ತದೆ. ಐದಾರು ತಿಂಗಳ ಬಸಿರಿಯೊಬ್ಬಳು ರಾತ್ರಿ ಮಲಗಲಾರದೆ ಗೋಡೆಗೊರಗಿ ಕುಳಿತು ಬೆಳಗು ಮಾಡುತ್ತಾಳೆ. ಬಸಿರಲ್ಲಿ ಉಬ್ಬಸ ಸಹಜ ಎಂದು ಮನೆಯವರು ಹೇಳುತ್ತಾರೆ. ಆ ಮಾತನ್ನು ಒಪ್ಪದೆ ಎದೆಗೆ ಸ್ಟೆತಸ್ಕೋಪ್ ಇಟ್ಟ ಒಬ್ಬ ವೈದ್ಯರೋ ನರ್ಸಮ್ಮನೋ ಸಿಕ್ಕಿದರೆ ಅವಳ ಅದೃಷ್ಟ. ವಾರ್ಫರಿನ್ ಬಸಿರಿನ ಮೊದಲ ಮೂರು ತಿಂಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಈ ಮಾತ್ರೆ ನುಂಗುವ ಹೆಣ್ಣುಮಗಳು ಮುಟ್ಟು ನಿಂತ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅದನ್ನು ಅವಳಿಗೆ ಮೊದಲೇ, ಅವಳ ಭಾಷೆಯಲ್ಲಿ ಹೇಳಿರಬೇಕು.

ಅಂಟಿಕೊಂಡ ಕವಾಟವನ್ನು ಬಿಡಿಸಲು ಎದೆ ಕೊಯ್ಯಲೇಬೇಕೆಂದೇನಿಲ್ಲ. ಜಪಾನಿನ ಕಾಂಜಿ ಇನೊವೆ 1984ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತೊಡೆಸಂದಿನ ರಕ್ತನಾಳದಿಂದ ಬಲೂನು ಕಳಿಸಿ, ಕವಾಟದ ಬಾಯಲ್ಲಿ ಉಬ್ಬಿಸಿ ಬಿಡಿಸುತ್ತಾರೆ. ಈ ಬಲೂನ್ ಚಿಕಿತ್ಸೆಯನ್ನು ಬಹು ದೊಡ್ಡ ಸಂಖ್ಯೆಯಲ್ಲಿ ಮಾಡಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಒಂದು. ಬಾಗಿಲು ತೆರೆದ ಮೇಲೂ ಕಂಪನ ಉಳಿದರೆ ಮಾತ್ರೆ ಉಳಿಯುತ್ತದೆ.

ಯಾವ ಮಾತ್ರೆ? ಐಎನ್‌ಆರ್ ಬೇಡದ ಹೊಸದು ಈ ಹೆಂಗಸರಿಗೆ ವರವಾದೀತು ಎಂದು ಎಲ್ಲರೂ ಎಣಿಸಿದ್ದರು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ 24 ದೇಶಗಳಲ್ಲಿ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ಇನ್ವಿಕ್ಟಸ್ ಎಂಬ ಪ್ರಯೋಗ ನಡೆಯಿತು. ಆಗ ದೆಹಲಿಯ ಏಮ್ಸ್‌ನಲ್ಲಿದ್ದ ಗಣೇಶನ್ ಕಾರ್ತಿಕೇಯನ್ ಅದರ ಮುಂದಾಳುಗಳಲ್ಲಿ ಒಬ್ಬರು. ಸರಾಸರಿ ವಯಸ್ಸು ಐವತ್ತು, ಹತ್ತರಲ್ಲಿ ಏಳು ಮಂದಿ ಹೆಂಗಸರು. 2022ರಲ್ಲಿ ಬಂದ ಫಲಿತಾಂಶ ಎಣಿಕೆಯನ್ನು ತಲೆಕೆಳಗು ಮಾಡಿತು. ಹೊಸ ರಿವರೋಕ್ಸಬಾನ್ ಗುಂಪಿನಲ್ಲಿ ಸಾವು ಹೆಚ್ಚು, ಹಳೆಯ ವಾರ್ಫರಿನ್ ಬಗೆಯ ಮಾತ್ರೆಯ ಗುಂಪಿನಲ್ಲಿ ಕಡಿಮೆ. ದೊಡ್ಡ ರಕ್ತಸ್ರಾವದಲ್ಲೂ ಹೊಸದಕ್ಕೆ ಮೇಲುಗೈ ಇರಲಿಲ್ಲ. ಸಾವು ತಗ್ಗಿದ್ದರ ಕಾರಣ ಬಿಡಿಸಿ ಹೇಳುವುದು ಸುಲಭವಲ್ಲ. ಐಎನ್‌ಆರ್ ನೆಪದಲ್ಲಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುವ ರೋಗಿಯನ್ನು ಯಾರಾದರೂ ನೋಡುತ್ತಾರೆ, ಉಬ್ಬಸ ಹೆಚ್ಚಿದೆಯೇ ಎಂದು ಕೇಳುತ್ತಾರೆ, ಔಷಧ ತಿದ್ದುತ್ತಾರೆ ಎಂಬುದೂ ಒಂದು ಕಾರಣವಿರಬಹುದು.

ಹಾಗಿದ್ದರೆ ನಮ್ಮ ಸರ್ಕಾರಿ ವ್ಯವಸ್ಥೆ ಮಾಡಬೇಕಾದ ಕೆಲಸ ಎದುರಿಗೇ ಇದೆ. ಆ ಒಂದು ರಕ್ತ ಪರೀಕ್ಷೆಗಾಗಿ ಕೂಲಿ ಬಿಟ್ಟು, ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗುವ ಹೆಣ್ಣುಮಗಳು ಎರಡು ಸಲ ಹೋಗಿ, ಮೂರನೆಯ ಸಲ ಬಿಡುತ್ತಾಳೆ. ಬೆರಳ ತುದಿಯ ಒಂದು ಹನಿಯಿಂದ ಐಎನ್‌ಆರ್ ಹೇಳುವ ಅಂಗೈಯಗಲದ ಯಂತ್ರಗಳು ಇವೆ. ಗ್ಲುಕೋಮೀಟರ್ ತಲುಪಿದ ಕಡೆಗೆಲ್ಲ ಅವೂ ತಲುಪಬೇಕು.

ತಾಳ ಮರಳಿ ತರುವ ವಿದ್ಯೆಯೂ ನೂರು ವರ್ಷದಲ್ಲಿ ದೂರ ಬಂದಿದೆ. ಬರ್ನಾರ್ಡ್ ಲೌನ್ 1960ರ ದಶಕದ ಮೊದಲಲ್ಲಿ ಡಿಸಿ ವಿದ್ಯುತ್ತಿನ ಶಾಕ್ ವಿಧಾನವನ್ನು ರೂಢಿಗೆ ತಂದರು. ಅಣುಯುದ್ಧದ ವಿರುದ್ಧ ಅವರು ಕಟ್ಟಿದ ವೈದ್ಯರ ಸಂಘಟನೆಗೆ 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಶಾಕ್ ಎಂದೊಡನೆ ಜನ ಬೆದರುತ್ತಾರೆ. ನಡೆಯುವುದು ಇಷ್ಟು: ಖಾಲಿ ಹೊಟ್ಟೆಯಲ್ಲಿ ಬಂದ ರೋಗಿಗೆ ಕೆಲವು ನಿಮಿಷದ ಅರಿವಳಿಕೆ. ಎದೆಗೊಂದು, ಬೆನ್ನಿಗೊಂದು ಅಂಟುಪಟ್ಟಿ. ಪರದೆಯ ಮೇಲೆ ಓಡುವ ಗೆರೆಯ ಪ್ರತಿ ಶಿಖರದ ಮೇಲೂ ಯಂತ್ರ ಒಂದು ಗುರುತು ಹಾಕುತ್ತಿರುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೇ ವಿದ್ಯುತ್ ಹರಿಯುವುದಿಲ್ಲ. ಮುಂದಿನ ಶಿಖರಕ್ಕೆ ಕಾದು ಆಗ ಹರಿಯುತ್ತದೆ. ಹೃದಯ ಸುಧಾರಿಸಿಕೊಳ್ಳುವ ಗಳಿಗೆಯಲ್ಲಿ ಬಿದ್ದರೆ ಅದೇ ಶಾಕ್ ಪ್ರಾಣ ತೆಗೆಯಬಲ್ಲದು. ಆ ಗಳಿಗೆಯನ್ನು ತಪ್ಪಿಸುವುದೇ ಲೌನ್ ಅವರ ದೊಡ್ಡ ಕೊಡುಗೆ. ಮೈ ಒಮ್ಮೆ ಜಗ್ಗುತ್ತದೆ. ಗೆರೆ ಒಂದೆರಡು ಸೆಕೆಂಡು ಮಟ್ಟಸವಾಗುತ್ತದೆ, ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಆಮೇಲೆ ಆ ಹಳೆಯ ಗಂಟು ಎದ್ದು ಒಂದು, ಇನ್ನೊಂದು, ಮತ್ತೊಂದು ಎಂದು ಸಮ ಅಂತರದಲ್ಲಿ ಬಡಿಯತೊಡಗುತ್ತದೆ.

ಕಂಪನ ಶುರುವಾಗಿ 48 ಗಂಟೆ ಮೀರಿದ್ದರೆ ಶಾಕ್‌ಗೆ ಮೊದಲು ಮೂರು ವಾರ, ಆದ ಮೇಲೆ ಕನಿಷ್ಠ ನಾಲ್ಕು ವಾರ ಹೆಪ್ಪು ತಡೆಯುವ ಮಾತ್ರೆ ಬೇಕು. ನಡುಗುವುದು ನಿಂತು ಕೋಣೆ ಮತ್ತೆ ಹಿಂಡತೊಡಗಿದಾಗಲೇ ಒಳಗಿನ ಹೆಪ್ಪು ಹೊರಬೀಳುವುದು.

ಮಾತ್ರೆಗಳಿಂದ ತಾಳ ಕಾಯುವ ದಾರಿಯಲ್ಲಿ ಒಂದು ಕಹಿ ಪಾಠವಿದೆ. ಹೃದಯಾಘಾತವಾದವರಲ್ಲಿ ಕೆಳಗಿನ ಕೋಣೆಯ ಬಿಡಿ ಪೆಟ್ಟುಗಳು ಹೆಚ್ಚಿದ್ದರೆ ಸಾವಿನ ಅಪಾಯವೂ ಹೆಚ್ಚು. ಆದ್ದರಿಂದ ಆ ಪೆಟ್ಟುಗಳನ್ನು ಅಡಗಿಸಿದರೆ ಜೀವ ಉಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಅಮೆರಿಕದಲ್ಲಿ ಕಾಸ್ಟ್ ಎಂಬ ಪ್ರಯೋಗ ಅದನ್ನು ಒರೆಗೆ ಹಚ್ಚಿತು. ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆಗಳು ಪೆಟ್ಟುಗಳನ್ನು ಚೆನ್ನಾಗಿಯೇ ಅಡಗಿಸಿದವು, ಇಸಿಜಿ ಅಚ್ಚುಕಟ್ಟಾಯಿತು. ಸತ್ತವರ ಲೆಕ್ಕ ಮಾತ್ರ ಬೇರೆಯೇ ಇತ್ತು: ಹುಸಿ ಮಾತ್ರೆ ಪಡೆದ 743 ಜನರಲ್ಲಿ 26, ನಿಜ ಮಾತ್ರೆ ಪಡೆದ 755 ಜನರಲ್ಲಿ 63. 1989ರಲ್ಲಿ ಆ ಔಷಧಗಳನ್ನು ನಿಲ್ಲಿಸಿದರು. ಅಂಥ ಮಾತ್ರೆಗಳನ್ನು ಬರೆಯುವ ಮೊದಲು ಹೃದಯ ಗಟ್ಟಿಯಾಗಿದೆಯೇ ಎಂದು ನೋಡಲು ವೈದ್ಯರು ಎಕೋ ಮಾಡಿಸಿ ಎಂದು ಹಟ ಹಿಡಿಯುವುದು ಇದಕ್ಕೇ. ಫ್ಲೆಕೈನೈಡ್ ಇಂದು ಗಟ್ಟಿ ಹೃದಯದವರ ಹೃತ್ಕರ್ಣ ಕಂಪನಕ್ಕೆ ಮಾತ್ರ.

2002ರಲ್ಲಿ 4,060 ರೋಗಿಗಳ ಆಫರ್ಮ್ ಪ್ರಯೋಗ ವ್ಯಾಪಾರಿಯ ಪ್ರಶ್ನೆಯನ್ನೇ ಎತ್ತಿಕೊಂಡಿತು. ಒಂದು ಗುಂಪಿಗೆ ಶಾಕ್ ಮತ್ತು ಮಾತ್ರೆಗಳಿಂದ ತಾಳ ಸರಿಪಡಿಸುವ ಚಿಕಿತ್ಸೆ. ಇನ್ನೊಂದು ಗುಂಪಿಗೆ ತಾಳ ಹೇಗಾದರೂ ಇರಲಿ, ವೇಗ ತಗ್ಗಿಸುವ ಚಿಕಿತ್ಸೆ. ತಾಳ ಸರಿಪಡಿಸಿದವರು ಹೆಚ್ಚು ಕಾಲ ಬದುಕಲಿಲ್ಲ. ಇನ್ನೂ ಗಮನಿಸಬೇಕಾದದ್ದು, ಎರಡೂ ಗುಂಪುಗಳಲ್ಲಿ ಪಾರ್ಶ್ವವಾಯು ಬಡಿದವರಲ್ಲಿ ಹೆಚ್ಚಿನವರು ವಾರ್ಫರಿನ್ ನಿಲ್ಲಿಸಿದವರು ಅಥವಾ ಐಎನ್‌ಆರ್ ಎರಡಕ್ಕಿಂತ ಕೆಳಗಿದ್ದವರು. ನಾಡಿ ನೆಟ್ಟಗಾಯಿತೆಂದು ಮಾತ್ರೆ ಬಿಟ್ಟವರೂ ಅವರಲ್ಲಿದ್ದರು. 2020ರಲ್ಲಿ ಯುರೋಪಿನ 2,789 ರೋಗಿಗಳ ಇನ್ನೊಂದು ಪ್ರಯೋಗ, ಕಾಯಿಲೆ ಗೊತ್ತಾದ ಒಂದು ವರ್ಷದೊಳಗೇ ತಾಳ ಸರಿಪಡಿಸಲು ತೊಡಗಿದರೆ ಪಾರ್ಶ್ವವಾಯುವೂ ಹೃದಯದ ಕಾರಣದ ಸಾವೂ ತಗ್ಗುತ್ತವೆ ಎಂದು ತೋರಿಸಿತು. ವ್ಯಾಪಾರಿಯ ಆಸೆಗೆ ಅಲ್ಲಿ ಬೆಂಬಲ ಸಿಕ್ಕಿದೆ. ಆದರೆ ಆ ರೋಗಿಗಳಲ್ಲಿ ಬಹುತೇಕ ಎಲ್ಲರೂ ಹೆಪ್ಪು ತಡೆಯುವ ಮಾತ್ರೆ ನುಂಗುತ್ತಲೇ ಇದ್ದರು.

ಕಂಪನದ ಕಿಡಿ ಎಲ್ಲಿಂದ ಹಾರುತ್ತದೆ ಎಂಬುದು 1998ರ ತನಕ ಯಾರಿಗೂ ಹೊಳೆದಿರಲಿಲ್ಲ. ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು 45 ರೋಗಿಗಳ ಹೃದಯದೊಳಗೆ ತಂತಿ ಕಳಿಸಿ ಹುಡುಕಿದರು. ಸಿಕ್ಕ 69 ಕಿಡಿಗಳಲ್ಲಿ 65, ಹೃದಯದ ಕೋಣೆಯಲ್ಲೇ ಇರಲಿಲ್ಲ. ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಒಳಗೆ, ಎರಡರಿಂದ ನಾಲ್ಕು ಸೆಂಟಿಮೀಟರ್ ಆಚೆ ಇದ್ದವು. ಆ ಕಿಡಿಗಳ ತಾಣಗಳನ್ನು ಸುಟ್ಟು ಮುಗಿಸಿದ ಮೇಲೆ 28 ರೋಗಿಗಳಿಗೆ ಕಂಪನ ಮರುಕಳಿಸಲಿಲ್ಲ. ಇಂದಿನ ಅಬ್ಲೇಷನ್ ಚಿಕಿತ್ಸೆಯ ಬೇರು ಅದು. ಈಗ ಕಿಡಿಗಳನ್ನು ಹುಡುಕುತ್ತ ಕೂರದೆ ಆ ನಾಳಗಳ ಬಾಯಿಯ ಸುತ್ತ ಬೇಲಿಯಂತೆ ಗಾಯದ ಗೆರೆ ಎಳೆಯುತ್ತಾರೆ. ಶಾಖದಿಂದ, ಇಲ್ಲವೇ ತಣ್ಣನೆಯ ಬಲೂನಿನಿಂದ, ಈಚೆಗೆ ಕ್ಷಣಾರ್ಧದ ವಿದ್ಯುತ್ ಮಿಡಿತದಿಂದ. ಹೊಸದಾಗಿ ಶುರುವಾದ, ಬಂದು ಹೋಗುವ ಕಂಪನಕ್ಕೆ ಇದು ಒಳ್ಳೆಯ ಚಿಕಿತ್ಸೆ. ವರ್ಷಗಟ್ಟಲೆ ಹಿಗ್ಗಿದ ಕೋಣೆಗೆ ಅಷ್ಟು ಫಲವಿಲ್ಲ. ಕೀಲುವಾತ ಜ್ವರದ ಹೆಣ್ಣುಮಗಳ ಪಾಲಿಗೆ ಇದು ಬಹುಮಟ್ಟಿಗೆ ದೂರದ ಮಾತೇ.

ಭಾರತದ ಮಣ್ಣಿನ ಒಂದು ಬೇರೂ ಈ ಚರಿತ್ರೆಯಲ್ಲಿದೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧಿಯ ಬೇರಿನಿಂದ ಸಲೀಮುಝ್ಝಮಾನ್ ಸಿದ್ದಿಕಿ 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಒಂದು ಸಾರ ತೆಗೆದರು. ಕಾಲೇಜನ್ನು ಬೆಳೆಸಿದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅದಕ್ಕೆ ಅಜ್ಮಲಿನ್ ಎಂದು ಹೆಸರಿಟ್ಟರು. ಬ್ರುಗಾಡಾ ಎಂಬ, ಎಳೆಯ ವಯಸ್ಸಿನಲ್ಲೇ ದಿಢೀರ್ ಸಾವು ತರಬಲ್ಲ ಲಯದೋಷವೊಂದು ಇಸಿಜಿಯಲ್ಲಿ ಹಲವೊಮ್ಮೆ ಅಡಗಿರುತ್ತದೆ. ಅದನ್ನು ಹೊರಗೆಳೆಯಲು ಯುರೋಪಿನ ಆಸ್ಪತ್ರೆಗಳಲ್ಲಿ ಇಂದಿಗೂ ಕೊಡುವುದು ಅಜ್ಮಲಿನ್ ಚುಚ್ಚುಮದ್ದನ್ನೇ.

ಯಂತ್ರ, ತಂತಿ, ಮಾತ್ರೆಗಳ ನಡುವೆ ಸಾಮಾನ್ಯ ಸಂಗತಿಗಳನ್ನು ಮರೆಯಬಾರದು. ಥೈರಾಯ್ಡ್ ಹೆಚ್ಚಾದರೂ ಹೃದಯ ಹೀಗೇ ನಡುಗುತ್ತದೆ. ಒಂದು ರಕ್ತ ಪರೀಕ್ಷೆ ಅದನ್ನು ಹೇಳುತ್ತದೆ. ಬಿಪಿ, ಮದ್ಯ, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ ಇವೆಲ್ಲ ಕಂಪನಕ್ಕೆ ಎಣ್ಣೆ ಹುಯ್ಯುತ್ತವೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 355 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದರಲ್ಲಿ, ಮೈತೂಕವನ್ನು ಹತ್ತನೇ ಒಂದು ಭಾಗ ಇಳಿಸಿ ಅಲ್ಲಿಗೇ ನಿಲ್ಲಿಸಿಕೊಂಡವರಿಗೆ ಕಂಪನದಿಂದ ಬಿಡುಗಡೆ ಸಿಗುವ ಸಾಧ್ಯತೆ ಆರು ಪಟ್ಟು ಹೆಚ್ಚಿತ್ತು.

ಕವಾಟ ಕೆಡುವುದನ್ನು ತಡೆಯುವ ಔಷಧ ಹಳೆಯದೇ, ಅಗ್ಗದ್ದೇ: ಪೆನಿಸಿಲಿನ್. ಗಂಟಲು ನೋವಿಗೆ ಸಕಾಲದಲ್ಲಿ ಕೊಟ್ಟರೆ ಕೀಲುವಾತ ಜ್ವರವನ್ನು ಬಹುಮಟ್ಟಿಗೆ ತಡೆಯಬಹುದು. ಒಮ್ಮೆ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಬೆಂಜಥಿನ್ ಪೆನಿಸಿಲಿನ್ ಚುಚ್ಚುಮದ್ದು ಹಾಕುತ್ತ ಹೋದರೆ ಜ್ವರ ಮರುಕಳಿಸಿ ಕವಾಟವನ್ನು ಇನ್ನಷ್ಟು ಕೆಡಿಸುವುದು ತಪ್ಪುತ್ತದೆ. ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಈ ಹೃದ್ರೋಗವೂ ಇದೆ. ಮದ್ದು ದಪ್ಪನೆಯದು, ಸೂಜಿ ದಪ್ಪ, ಚುಚ್ಚಿದ ಕಡೆ ಎರಡು ದಿನ ನೋವು. ಹತ್ತು ವರ್ಷದ ಹುಡುಗಿಗೆ ಅದನ್ನು ಇಪ್ಪತ್ತೊಂದರ ತನಕವಾದರೂ, ಕವಾಟ ಕೆಟ್ಟಿದ್ದರೆ ನಲವತ್ತರ ತನಕ, ಬಿಡದೆ ಹಾಕಬೇಕು. ಅಷ್ಟರಲ್ಲಿ ಅವಳ ಶಾಲೆ ಬದಲಾಗುತ್ತದೆ, ಊರು ಬದಲಾಗುತ್ತದೆ, ಮದುವೆಯಾಗುತ್ತದೆ. ಪ್ರತಿ ಸಲವೂ ನರ್ಸಮ್ಮ ಚೀಟಿಯ ಮೇಲೆ ಮುಂದಿನ ತಾರೀಕು ಬರೆದು, ಅದನ್ನು ಹುಡುಗಿಗೂ ಅಮ್ಮನಿಗೂ ತೋರಿಸಿ, ಓದಿಸಿ ಕಳಿಸಬೇಕು.